ಓಬರ್ಲಿನ್: ಒಂದೇ ಒಂದು ಮತದಿಂದ ಇತಿಹಾಸ ಸೇರಿದ ಕಾಲೇಜು ಪಟ್ಟಣ

ಅಮೆರಿಕ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು, ಇಲ್ಲವೇ ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಕಂಪೆನಿಗಳು. ಈ ಎರಡು ಕರಾವಳಿಗಳ ನಡುವೆ, ಅಲ್ಲಿನವರು ‘ಮಿಡ್‌ವೆಸ್ಟ್’ ಎಂದು ಕರೆಯುವ ವಿಶಾಲ ಬಯಲುಸೀಮೆಯೊಂದಿದೆ. ಮೆಕ್ಕೆಜೋಳ, ಸೋಯಾ ಬೆಳೆಯುವ ಈ ನಾಡಿನಲ್ಲಿ ಕಾಲೇಜೊಂದನ್ನೇ ಕೇಂದ್ರವಾಗಿಟ್ಟುಕೊಂಡು ಬೆಳೆದ ಸಣ್ಣಪುಟ್ಟ ಊರುಗಳು ಹಲವು. ಅಂಥ ಊರುಗಳಲ್ಲಿ ಗಾತ್ರದಲ್ಲಿ ಕಿರಿದಾದರೂ ಇತಿಹಾಸದಲ್ಲಿ ಹಿರಿದಾದುದು ಓಹಾಯೊ ರಾಜ್ಯದ ಓಬರ್ಲಿನ್.

ಕ್ಲೀವ್‌ಲ್ಯಾಂಡ್ ಮಹಾನಗರದಿಂದ ನೈಋತ್ಯಕ್ಕೆ ಸುಮಾರು 55 ಕಿಲೋಮೀಟರ್ ದೂರದಲ್ಲಿ, ಲೊರೇನ್ ಕೌಂಟಿಯಲ್ಲಿರುವ ಈ ಪಟ್ಟಣದ ಜನಸಂಖ್ಯೆ ಸುಮಾರು 8,500. ಇವರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಕಾಲೇಜಿನ ವಿದ್ಯಾರ್ಥಿಗಳೇ. ನಮ್ಮ ಲೆಕ್ಕದಲ್ಲಿ ಇದೊಂದು ದೊಡ್ಡ ಹೋಬಳಿ ಕೇಂದ್ರ, ಅಷ್ಟೆ. ಆದರೆ ಅಮೆರಿಕದ ಮಹಿಳಾ ಶಿಕ್ಷಣ, ಕಪ್ಪು ಜನಾಂಗದವರ ಶಿಕ್ಷಣ, ಗುಲಾಮಗಿರಿ ವಿರೋಧಿ ಹೋರಾಟ, ಪಾನನಿಷೇಧ ಚಳವಳಿ, ಕೊನೆಗೆ ಅಲ್ಯೂಮಿನಿಯಂ ಉದ್ಯಮ, ಇವುಗಳಲ್ಲಿ ಯಾವುದರ ಚರಿತ್ರೆ ಬರೆದರೂ ಈ ಊರಿನ ಹೆಸರನ್ನು ಬಿಡುವಂತಿಲ್ಲ. ಹಾಗೆಂದು ಓಬರ್ಲಿನ್ ಬರೀ ಆದರ್ಶಗಳ ಊರಲ್ಲ. ತಾನು ಕೊಟ್ಟ ಮಾತಿಗೂ ತನ್ನ ನಡತೆಗೂ ನಡುವಿನ ಅಂತರವನ್ನು ಪ್ರತಿ ತಲೆಮಾರಿನಲ್ಲೂ ಎದುರಿಸಬೇಕಾಗಿ ಬಂದ ಊರು. ಅದರ ಆಕರ್ಷಣೆ ಇರುವುದೂ ಅಲ್ಲಿಯೇ.

ಜೌಗು ನೆಲದಲ್ಲಿ ಕಂಡ ಕನಸು

1833ರಲ್ಲಿ ಜಾನ್ ಜೇ ಶಿಫರ್ಡ್ ಎಂಬ ಪಾದ್ರಿ ಹಾಗೂ ಅವರ ಗೆಳೆಯ ಫೈಲೊ ಸ್ಟೀವರ್ಟ್ ಸೇರಿ ಓಬರ್ಲಿನ್ನಿಗೆ ಅಡಿಪಾಯ ಹಾಕಿದರು. ಯೂರೋಪಿನ ಆಲ್ಸೇಸ್ ಪ್ರಾಂತ್ಯದ ಬಡ ಹಳ್ಳಿಗಳಲ್ಲಿ ಶಾಲೆ ತೆರೆದು, ರಸ್ತೆ ಕಟ್ಟಿಸಿ, ಕೃಷಿ ಸುಧಾರಿಸಿ ಹೆಸರಾಗಿದ್ದ ಪಾದ್ರಿ ಯೋಹಾನ್ ಫ್ರೆಡರಿಕ್ ಓಬರ್ಲಿನ್ (1740-1826) ಅವರ ಹೆಸರನ್ನೇ ಹೊಸ ಊರಿಗೆ ಇಡಲಾಯಿತು.

ಸ್ಥಾಪಕರು ಆರಿಸಿಕೊಂಡ ಜಾಗ ಮಾತ್ರ ಯಾರೂ ಬಯಸುವಂಥದ್ದಾಗಿರಲಿಲ್ಲ. ದಟ್ಟ ಕಾಡು, ಅದರಡಿಯಲ್ಲಿ ನೀರು ಇಂಗದ ಜೇಡಿಮಣ್ಣು. ಮಳೆ ಬಂದರೆ ಬಂಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುವ ಕೆಸರು. 1833ರ ವಸಂತದಲ್ಲಿ ಮೊದಲ ಕುಟುಂಬ ಬಂದು ಮರದ ದಿಮ್ಮಿಗಳ ಮನೆ ಕಟ್ಟಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ 44 ವಿದ್ಯಾರ್ಥಿಗಳೊಂದಿಗೆ ‘ಓಬರ್ಲಿನ್ ಕಾಲೇಜಿಯೇಟ್ ಇನ್‌ಸ್ಟಿಟ್ಯೂಟ್’ ಆರಂಭವಾಯಿತು. ಇವರಲ್ಲಿ 29 ಮಂದಿ ಯುವಕರು, 15 ಮಂದಿ ಯುವತಿಯರು. ಸಂಸ್ಥೆಗೆ ಓಬರ್ಲಿನ್ ಕಾಲೇಜು ಎಂಬ ಈಗಿನ ಹೆಸರು ಬಂದದ್ದು 1850ರಲ್ಲಿ.

‘ಕಲಿಕೆ ಮತ್ತು ದುಡಿಮೆ’ ಎಂಬುದು ಸಂಸ್ಥೆಯ ಧ್ಯೇಯವಾಕ್ಯ. ವಿದ್ಯಾರ್ಥಿಗಳು ಪ್ರತಿದಿನ ಕೆಲವು ಗಂಟೆ ಮೈಮುರಿದು ದುಡಿದು ಓದಿನ ಖರ್ಚನ್ನು ತೂಗಿಸಬೇಕಿತ್ತು. ಹುಡುಗರು ಕಾಡು ಕಡಿದು ಹೊಲದಲ್ಲಿ ದುಡಿದರೆ, ಹುಡುಗಿಯರದು ಅಡುಗೆ, ಹೊಲಿಗೆ, ಹುಡುಗರ ಬಟ್ಟೆ ಒಗೆಯುವ ಕೆಲಸ. ಊರಿಗೆ ಬಂದು ನೆಲೆಸುವವರು ಸರಳವಾಗಿ ಬದುಕುತ್ತೇವೆ, ತಂಬಾಕನ್ನು ಮುಟ್ಟುವುದಿಲ್ಲ, ಆಡಂಬರದ ಉಡುಪು ಧರಿಸುವುದಿಲ್ಲ ಎಂದು ಒಡಂಬಡಿಕೆಗೆ ಸಹಿ ಹಾಕುತ್ತಿದ್ದರು. ಊಟದ ವಿಷಯದಲ್ಲೂ ಕಟ್ಟುನಿಟ್ಟು ಹೆಚ್ಚಿ, ಕಾಲೇಜಿನ ಊಟದ ಮನೆಯಿಂದ ಒಂದು ಹಂತದಲ್ಲಿ ಮಾಂಸ, ಚಹಾ, ಕಾಫಿ, ಮೆಣಸಿನ ಪುಡಿ ಎಲ್ಲವೂ ಮಾಯವಾದವು. ಇದನ್ನು ತಾಳಲಾರದ ಊರಿನವರು 1841ರಲ್ಲಿ ಸಭೆ ಸೇರಿ, ಮಕ್ಕಳು ಅರೆಹೊಟ್ಟೆಯಲ್ಲಿ ಓದುತ್ತಿದ್ದಾರೆ ಎಂದು ಪ್ರತಿಭಟಿಸಿದ ಮೇಲೆ ಪಥ್ಯ ಸಡಿಲವಾಯಿತು. ಕಾಲೇಜಿಗೂ ಊರಿಗೂ ನಡುವಿನ ಜಗಳ ಓಬರ್ಲಿನ್ನಿನಲ್ಲಿ ಕಾಲೇಜಿನಷ್ಟೇ ಹಳೆಯದು ಎನ್ನಲು ಇದೊಂದು ಸಾಕ್ಷಿ.

ಒಂದು ಮತದ ತೂಕ

ಓಬರ್ಲಿನ್ನಿನ ಹಣೆಬರಹವನ್ನು ಬದಲಿಸಿದ್ದು ದುಡ್ಡಿನ ಮುಗ್ಗಟ್ಟು. ಒಂದೇ ವರ್ಷದಲ್ಲಿ ಸಂಸ್ಥೆಯ ಬೊಕ್ಕಸ ಬರಿದಾಗಿ, ಶಿಫರ್ಡ್ ಹಣ ಹೊಂದಿಸಲು ಊರೂರು ತಿರುಗುತ್ತಿದ್ದರು. ಅದೇ ಹೊತ್ತಿಗೆ ಸಿನ್ಸಿನಾಟಿಯ ಲೇನ್ ಸೆಮಿನರಿ ಎಂಬ ಧರ್ಮಶಾಸ್ತ್ರ ಶಾಲೆಯಲ್ಲಿ ದೊಡ್ಡ ಬಿರುಗಾಳಿ ಎದ್ದಿತ್ತು. ಅಲ್ಲಿನ ವಿದ್ಯಾರ್ಥಿಗಳು 1834ರಲ್ಲಿ 18 ರಾತ್ರಿಗಳ ಕಾಲ ಗುಲಾಮಗಿರಿಯ ಬಗ್ಗೆ ಚರ್ಚೆ ನಡೆಸಿ, ಅದನ್ನು ತಕ್ಷಣ ನಿರ್ಮೂಲ ಮಾಡಬೇಕೆಂಬ ನಿಲುವಿಗೆ ಬಂದಿದ್ದರು. ಸಂಸ್ಥೆಯ ಆಡಳಿತ ಮಂಡಳಿ ಇಂಥ ಚರ್ಚೆಗಳಿಗೇ ನಿಷೇಧ ಹೇರಿದಾಗ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಶಾಲೆ ಬಿಟ್ಟು ಹೊರನಡೆದರು. ಚರಿತ್ರೆ ಇವರನ್ನು ‘ಲೇನ್ ಬಂಡುಕೋರರು’ ಎಂದು ಗುರುತಿಸುತ್ತದೆ.

ಈ ಬಂಡುಕೋರರನ್ನು ಓಬರ್ಲಿನ್ನಿಗೆ ಕರೆತರುವ ಆಲೋಚನೆ ಶಿಫರ್ಡ್ ಅವರದು. ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿಗಳಾದ ಆರ್ಥರ್ ಮತ್ತು ಲೂಯಿಸ್ ಟ್ಯಾಪನ್ ಸಹೋದರರು ಹಣ ಕೊಡಲು ಮುಂದೆ ಬಂದರು. ಲೇನ್ ಆಡಳಿತ ಮಂಡಳಿಯಲ್ಲಿದ್ದುಕೊಂಡೇ ವಿದ್ಯಾರ್ಥಿಗಳ ಪರ ನಿಂತಿದ್ದ ಏಸಾ ಮಹನ್ ಅಧ್ಯಕ್ಷರಾಗಲು, ಆ ಕಾಲದ ಹೆಸರಾಂತ ಧರ್ಮ ಪ್ರಚಾರಕ ಚಾರ್ಲ್ಸ್ ಫಿನ್ನಿ ಪ್ರಾಧ್ಯಾಪಕರಾಗಲು ಒಪ್ಪಿದರು. ಆದರೆ ಎಲ್ಲಕ್ಕೂ ಒಂದು ಷರತ್ತಿತ್ತು: ಚರ್ಮದ ಬಣ್ಣ ನೋಡದೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕು.

ಇಂದು ಓಬರ್ಲಿನ್ ಹೆಮ್ಮೆಯಿಂದ ಹೇಳಿಕೊಳ್ಳುವ ಈ ವಿಚಾರಕ್ಕೆ ಅಂದು ಊರಿನಲ್ಲೇ ವಿರೋಧವಿತ್ತು. ಇದ್ದ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದಾಗ 32 ಮಂದಿ ವಿರೋಧವಾಗಿ, 26 ಮಂದಿ ಪರವಾಗಿ ಮತ ಹಾಕಿದರು. 1835ರ ಫೆಬ್ರುವರಿಯಲ್ಲಿ ಆಡಳಿತ ಮಂಡಳಿ ಸಭೆ ಸೇರಿದಾಗ ಸದಸ್ಯರ ಮತ ಸಮಸಮವಾಗಿ ಒಡೆಯಿತು. ಆಗ ಅಧ್ಯಕ್ಷತೆ ವಹಿಸಿದ್ದ ಪಾದ್ರಿ ಜಾನ್ ಕೀಪ್ ತಮ್ಮ ನಿರ್ಣಾಯಕ ಮತವನ್ನು ಪರವಾಗಿ ಚಲಾಯಿಸಿದರು. ಅಂಗೀಕಾರವಾದ ನಿರ್ಣಯದ ಭಾಷೆಯೂ ಬಲು ಎಚ್ಚರಿಕೆಯದು. ಕಪ್ಪು ಜನರ ಶಿಕ್ಷಣಕ್ಕೆ ಪ್ರೋತ್ಸಾಹ ಕೊಡಬೇಕು ಎಂಬಷ್ಟನ್ನೇ ಅದು ಹೇಳಿತು. ಅಷ್ಟೇ ಸಾಕಾಯಿತು. ಆ ಒಂದು ಮತ ಇಲ್ಲದಿದ್ದರೆ ಓಬರ್ಲಿನ್ ಇಂದು ಕಾಡಿನಲ್ಲಿ ಕಳೆದುಹೋದ ನೂರಾರು ಸಣ್ಣ ಶಾಲೆಗಳಲ್ಲಿ ಒಂದಾಗಿರುತ್ತಿತ್ತೇನೋ.

ಪದವಿ ಸಿಕ್ಕಿತು, ಮಾತಾಡುವ ಹಕ್ಕು ಸಿಗಲಿಲ್ಲ

1837ರಲ್ಲಿ ನಾಲ್ವರು ಯುವತಿಯರು ಗಂಡಸರಿಗೆ ಇದ್ದ ಪದವಿ ತರಗತಿಗೇ ಸೇರಿದರು. 1841ರಲ್ಲಿ ಅವರಲ್ಲಿ ಮೂವರು ಪದವಿ ಪಡೆದರು. ಸಹಶಿಕ್ಷಣ ಸಂಸ್ಥೆಯೊಂದರಲ್ಲಿ ಪುರುಷರ ಪಠ್ಯಕ್ರಮವನ್ನೇ ಓದಿ ಬಿ.ಎ. ಪದವಿ ಗಳಿಸಿದ ಅಮೆರಿಕದ ಮೊದಲ ಮಹಿಳೆಯರು ಇವರು. 1862ರಲ್ಲಿ ಮೇರಿ ಜೇನ್ ಪ್ಯಾಟರ್ಸನ್ ಇಲ್ಲಿಂದಲೇ ಬಿ.ಎ. ಪದವಿ ಪಡೆದು, ಆ ದೇಶದಲ್ಲಿ ಈ ಪದವಿ ಪಡೆದ ಮೊದಲ ಕಪ್ಪು ಮಹಿಳೆ ಎನಿಸಿದರು.

ಬಾಗಿಲು ತೆರೆದರೂ ಒಳಗೆ ಎಲ್ಲವೂ ಸರಿಸಮವಾಗಿರಲಿಲ್ಲ. ಮುಂದೆ ಮಹಿಳಾ ಹಕ್ಕುಗಳ ದೊಡ್ಡ ದನಿಯಾಗಿ ಬೆಳೆದ ಲೂಸಿ ಸ್ಟೋನ್ 1847ರಲ್ಲಿ ಪದವಿ ಪೂರೈಸಿದಾಗ, ಘಟಿಕೋತ್ಸವಕ್ಕೆ ಪ್ರಬಂಧ ಬರೆಯಲು ಅವರನ್ನು ಆರಿಸಲಾಯಿತು. ಆದರೆ ಗಂಡಸರಿರುವ ಸಭೆಯಲ್ಲಿ ಹೆಣ್ಣು ಮಾತಾಡುವಂತಿಲ್ಲ, ಪ್ರಬಂಧವನ್ನು ಪುರುಷರೊಬ್ಬರು ಓದಬೇಕು ಎಂಬ ನಿಯಮವಿತ್ತು. ನಾನೇ ಓದುವಂತಿಲ್ಲವೆಂದರೆ ಬರೆಯುವುದೂ ಇಲ್ಲ ಎಂದು ಅವರು ನಿರಾಕರಿಸಿದರು. ಅವರ ಗೆಳತಿ ಆಂಟಾಯ್ನೆಟ್ ಬ್ರೌನ್ 1850ರಲ್ಲಿ ಧರ್ಮಶಾಸ್ತ್ರದ ವ್ಯಾಸಂಗ ಮುಗಿಸಿದರೂ ಹೆಣ್ಣೆಂಬ ಕಾರಣಕ್ಕೆ ಕಾಲೇಜು ಪದವಿ ಕೊಡಲಿಲ್ಲ. ಅದೇ ಕಾಲೇಜು 1908ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಷ್ಟರಲ್ಲಿ 58 ವರ್ಷಗಳು ಉರುಳಿದ್ದವು.

ಕಾನೂನನ್ನು ಮುರಿದ ಊರು

ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡ ಗುಲಾಮರನ್ನು ರಹಸ್ಯವಾಗಿ ಕೆನಡಾಕ್ಕೆ ದಾಟಿಸುತ್ತಿದ್ದ ಜಾಲಕ್ಕೆ ‘ಭೂಗತ ರೈಲು’ ಎಂದು ಹೆಸರು. ಅದು ನಿಜವಾದ ರೈಲಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ರಾತ್ರೋರಾತ್ರಿ ಸಾಗುವ ಹಾದಿ. ಓಬರ್ಲಿನ್ ಈ ಹಾದಿಯ ಮುಖ್ಯ ನಿಲ್ದಾಣಗಳಲ್ಲಿ ಒಂದಾಗಿತ್ತು. 1850ರ ಕಾಯ್ದೆಯ ಪ್ರಕಾರ, ತಪ್ಪಿಸಿಕೊಂಡವರಿಗೆ ಆಶ್ರಯ ಕೊಡುವುದು ಅಪರಾಧ. ಹೀಗಾಗಿ ಇಲ್ಲಿನ ಅನೇಕ ಕುಟುಂಬಗಳು ತಿಳಿದೂ ತಿಳಿದೂ ಕಾನೂನು ಮುರಿಯುತ್ತಿದ್ದವು.

1858ರ ಸೆಪ್ಟೆಂಬರ್ 13ರಂದು ಈ ಸಂಘರ್ಷ ಬಯಲಿಗೆ ಬಂತು. ಕೆಂಟಕಿಯಿಂದ ತಪ್ಪಿಸಿಕೊಂಡು ಓಬರ್ಲಿನ್ನಿನಲ್ಲಿದ್ದ ಜಾನ್ ಪ್ರೈಸ್ ಎಂಬ ತರುಣನನ್ನು ಕೆಲಸ ಕೊಡಿಸುವ ನೆಪದಲ್ಲಿ ಊರ ಹೊರಗೆ ಕರೆಸಿ, ಗುಲಾಮರನ್ನು ಹಿಡಿಯುವವರು ಸೆರೆ ಹಿಡಿದರು. ದಕ್ಷಿಣಕ್ಕೆ ಸುಮಾರು 14 ಕಿಲೋಮೀಟರ್ ದೂರದ ವೆಲಿಂಗ್ಟನ್ನಿಗೆ ಒಯ್ದು, ಹೋಟೆಲೊಂದರ ಕೋಣೆಯಲ್ಲಿ ಕೂಡಿಹಾಕಿ, ರೈಲಿಗಾಗಿ ಕಾಯತೊಡಗಿದರು. ದಾರಿಯಲ್ಲಿ ಎದುರಾದ ವಿದ್ಯಾರ್ಥಿಯೊಬ್ಬನನ್ನು ಕಂಡು ಪ್ರೈಸ್ ಕೂಗಿಕೊಂಡಿದ್ದ. ಸುದ್ದಿ ಊರಿಗೆ ಮುಟ್ಟಿದ್ದೇ ತಡ, ವ್ಯಾಪಾರಿಗಳು, ಪ್ರಾಧ್ಯಾಪಕರು, ವಿದ್ಯಾರ್ಥಿಗಳು, ಕಪ್ಪು ಕುಶಲಕರ್ಮಿಗಳು ಕೈಗೆ ಸಿಕ್ಕ ಬಂಡಿ, ಕುದುರೆ ಹಿಡಿದು ವೆಲಿಂಗ್ಟನ್ನಿಗೆ ಧಾವಿಸಿದರು. ಹೋಟೆಲಿಗೆ ನುಗ್ಗಿ ಪ್ರೈಸ್‌ನನ್ನು ಬಿಡಿಸಿ ತಂದರು. ಮುಂದೆ ಕಾಲೇಜಿನ ಅಧ್ಯಕ್ಷರಾದ ಪ್ರಾಧ್ಯಾಪಕ ಜೇಮ್ಸ್ ಫೇರ್‌ಚೈಲ್ಡ್ ಅವರ ಮನೆಯಲ್ಲಿ ಕೆಲವು ದಿನ ಅಡಗಿಸಿಟ್ಟು, ಬಳಿಕ ಕೆನಡಾಕ್ಕೆ ಕಳುಹಿಸಲಾಯಿತು.

ಕೇಂದ್ರ ಸರ್ಕಾರ ಸುಮ್ಮನಿರಲಿಲ್ಲ. 37 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ವಿಚಾರಣೆ ನಡೆದದ್ದು ಇಬ್ಬರದು ಮಾತ್ರ. ಬಿಳಿಯರಾದ ಸಿಮಿಯನ್ ಬುಶ್ನೆಲ್ ಅವರಿಗೆ 60 ದಿನ, ಕಪ್ಪು ಜನಾಂಗದ ಚಾರ್ಲ್ಸ್ ಲ್ಯಾಂಗ್‌ಸ್ಟನ್ ಅವರಿಗೆ 20 ದಿನ ಸೆರೆವಾಸ ವಿಧಿಸಲಾಯಿತು. ಶಿಕ್ಷೆ ಘೋಷಣೆಗೆ ಮುನ್ನ ಲ್ಯಾಂಗ್‌ಸ್ಟನ್ ನ್ಯಾಯಾಲಯದಲ್ಲಿ ಮಾಡಿದ ಭಾಷಣ ದೇಶದಾದ್ಯಂತ ಪ್ರಚಾರ ಪಡೆಯಿತು. ಉಳಿದವರು ಜಾಮೀನು ನಿರಾಕರಿಸಿ ಕ್ಲೀವ್‌ಲ್ಯಾಂಡಿನ ಜೈಲಿನಲ್ಲೇ ಉಳಿದು, ಅಲ್ಲಿಂದಲೇ ‘ದಿ ರೆಸ್ಕ್ಯೂಯರ್’ ಎಂಬ ಪತ್ರಿಕೆಯನ್ನೂ ಹೊರತಂದರು! ಓಹಾಯೊ ಸುಪ್ರೀಂ ಕೋರ್ಟು 3-2ರ ಬಹುಮತದಲ್ಲಿ ಕೇಂದ್ರದ ಕಾಯ್ದೆಯನ್ನೇ ಎತ್ತಿಹಿಡಿಯಿತು. ಆದರೆ ಸ್ಥಳೀಯ ಅಧಿಕಾರಿಗಳು ಗುಲಾಮರನ್ನು ಹಿಡಿಯಲು ಬಂದವರ ಮೇಲೇ ಅಪಹರಣದ ಮೊಕದ್ದಮೆ ಹೂಡಿದ್ದರು. ಎರಡೂ ಕಡೆಯವರು ರಾಜಿಗೆ ಬಂದು, 1859ರ ಜುಲೈನಲ್ಲಿ ಬಂದಿಗಳ ಬಿಡುಗಡೆಯಾಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಜಾನ್ ಬ್ರೌನ್ ಎಂಬ ಹೋರಾಟಗಾರ ಗುಲಾಮರ ದಂಗೆ ಎಬ್ಬಿಸುವ ಉದ್ದೇಶದಿಂದ ವರ್ಜೀನಿಯಾದ ಹಾರ್ಪರ್ಸ್ ಫೆರಿ ಶಸ್ತ್ರಾಗಾರದ ಮೇಲೆ ದಾಳಿ ನಡೆಸಿದಾಗ, ಓಬರ್ಲಿನ್ನಿನ ಲೂಯಿಸ್ ಶೆರಿಡನ್ ಲಿಯರಿ ಹಾಗೂ ಜಾನ್ ಕೋಪ್‌ಲ್ಯಾಂಡ್ ಅವರ ಜೊತೆಗಿದ್ದರು. ಲಿಯರಿ ಗುಂಡೇಟಿನಿಂದ ಮಡಿದರೆ, ಕೋಪ್‌ಲ್ಯಾಂಡ್ ಡಿಸೆಂಬರ್ 16ರಂದು ಗಲ್ಲಿಗೇರಿದರು. ಮಗನ ಶವವನ್ನಾದರೂ ತರಿಸಿಕೊಡಿ ಎಂದು ಹೆತ್ತವರು ಕೇಳಿಕೊಂಡಾಗ ಪ್ರಾಧ್ಯಾಪಕ ಜೇಮ್ಸ್ ಮನ್ರೊ ವರ್ಜೀನಿಯಾಕ್ಕೆ ಹೋದರು. ಅಲ್ಲಿನ ವೈದ್ಯ ವಿದ್ಯಾರ್ಥಿಗಳು ಶವವನ್ನು ಬಿಟ್ಟುಕೊಡಲಿಲ್ಲ. ಮನ್ರೊ ಬರಿಗೈಯಲ್ಲಿ ಹಿಂದಿರುಗಿದರು. ಮುಂದೆ ಲಿಯರಿಯವರ ಪತ್ನಿ ಚಾರ್ಲ್ಸ್ ಲ್ಯಾಂಗ್‌ಸ್ಟನ್ ಅವರನ್ನು ಮದುವೆಯಾದರು. 20ನೇ ಶತಮಾನದ ಪ್ರಸಿದ್ಧ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಈ ದಂಪತಿಯ ಮೊಮ್ಮಗ.

ಅಮೆರಿಕದ ಈ ಹೋರಾಟದ ಸುದ್ದಿ ಸಾಗರ ದಾಟಿ ನಮ್ಮ ನಾಡಿಗೂ ಬಂದಿತ್ತು. ಮಹಾತ್ಮ ಜ್ಯೋತಿರಾವ್ ಫುಲೆ ಅವರು 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ ಕೃತಿಯನ್ನು, ಗುಲಾಮರ ವಿಮೋಚನೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನರಿಗೇ ಅರ್ಪಿಸಿದ್ದಾರೆಂಬುದು ಇಲ್ಲಿ ಸ್ಮರಣೀಯ.

ಆದರ್ಶಕ್ಕೆ ಬಿದ್ದ ಪೆಟ್ಟುಗಳು

ಇಷ್ಟೆಲ್ಲ ಆದ ಊರಿನಲ್ಲೇ 1862ರಲ್ಲಿ ಇನ್ನೊಂದು ಘಟನೆ ನಡೆಯಿತು. ಕಪ್ಪು ಮತ್ತು ಮೂಲನಿವಾಸಿ ಮನೆತನಗಳ ಹಿನ್ನೆಲೆಯ ವಿದ್ಯಾರ್ಥಿನಿ ಎಡ್ಮೋನಿಯಾ ಲೂಯಿಸ್, ಇಬ್ಬರು ಬಿಳಿಯ ಗೆಳತಿಯರಿಗೆ ಪಾನೀಯದಲ್ಲಿ ವಿಷ ಬೆರೆಸಿ ಕೊಟ್ಟರೆಂಬ ಆರೋಪಕ್ಕೆ ಗುರಿಯಾದರು. ವಿಚಾರಣೆಗೆ ಮೊದಲೇ ಯಾರೋ ಅವರನ್ನು ಹೊತ್ತೊಯ್ದು, ಥಳಿಸಿ, ಹೊಲದಲ್ಲಿ ಬಿಸಾಡಿ ಹೋದರು. ಚಾರ್ಲ್ಸ್ ಲ್ಯಾಂಗ್‌ಸ್ಟನ್ ಅವರ ತಮ್ಮ, ಓಬರ್ಲಿನ್ನಿನಲ್ಲೇ ಓದಿ ವಕೀಲರಾಗಿದ್ದ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ವಾದಿಸಿ ಪ್ರಕರಣ ವಜಾ ಆಗುವಂತೆ ಮಾಡಿದರು. ಆದರೆ ಎಡ್ಮೋನಿಯಾ ಪದವಿ ಮುಗಿಸಲಾಗದೆ 1863ರಲ್ಲಿ ಊರು ಬಿಟ್ಟರು. ಮುಂದೆ ರೋಮ್ ನಗರದಲ್ಲಿ ನೆಲೆಸಿ ಅಂತರರಾಷ್ಟ್ರೀಯ ಖ್ಯಾತಿಯ ಶಿಲ್ಪಿಯಾದರು. ಕಾಲೇಜು ಅವರಿಗೆ ಪದವಿಪತ್ರ ನೀಡಿದ್ದು 2022ರಲ್ಲಿ, ಮರಣೋತ್ತರವಾಗಿ.

ಗುಲಾಮಗಿರಿ ಅಂತ್ಯವಾದ ಮೇಲೆ ದೇಶದ ಗಾಳಿಯೇ ಬದಲಾದಂತೆ ಓಬರ್ಲಿನ್ನಿನ ಉತ್ಸಾಹವೂ ತಗ್ಗಿತು. 1880ರ ದಶಕದಲ್ಲಿ ಊಟದ ಮೇಜಿನಲ್ಲಿ ಕಪ್ಪು ವಿದ್ಯಾರ್ಥಿನಿಯರ ಜೊತೆ ಕೂರಲು ಕೆಲವರು ತಕರಾರು ತೆಗೆದರು. 20ನೇ ಶತಮಾನದ ಆರಂಭದಲ್ಲಿ ವಿದ್ಯಾರ್ಥಿನಿಲಯಗಳಲ್ಲೂ ಭೇದಭಾವ ಕಾಣಿಸಿಕೊಂಡಿತು. 1884ರಲ್ಲಿ ಇಲ್ಲಿಂದ ಪದವಿ ಪಡೆದು ನಾಗರಿಕ ಹಕ್ಕುಗಳ ಹೋರಾಟಗಾರ್ತಿಯಾಗಿದ್ದ ಮೇರಿ ಚರ್ಚ್ ಟೆರೆಲ್ ತಮ್ಮ ಮಾತೃಸಂಸ್ಥೆಯ ಈ ಬದಲಾವಣೆಯನ್ನು ಕಟುವಾಗಿ ಪ್ರಶ್ನಿಸಿದರು. ಹೊರಗಿನವರಿಗಿಂತ ಒಳಗಿನವರೇ ಓಬರ್ಲಿನ್ನಿಗೆ ಅದರ ಮಾತನ್ನು ನೆನಪಿಸಿದ್ದು ಹೆಚ್ಚು.

ಸೌದೆ ಕೊಟ್ಟಿಗೆಯಿಂದ ಬಂದ ಲೋಹ

ನಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗೂ ಈ ಊರಿಗೂ ನಂಟಿದೆ. ಒಂದು ಕಾಲದಲ್ಲಿ ಅಲ್ಯೂಮಿನಿಯಂ ಬೆಳ್ಳಿಯಷ್ಟೇ ದುಬಾರಿ. 1884ರಲ್ಲಿ ವಾಷಿಂಗ್ಟನ್ ಸ್ಮಾರಕ ಸ್ತಂಭದ ತುದಿಗೆ ಅಪರೂಪದ ಲೋಹವೆಂದೇ ಇದರ ಮುಕುಟ ತೊಡಿಸಲಾಗಿತ್ತು. ಓಬರ್ಲಿನ್ನಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಫ್ರ್ಯಾಂಕ್ ಜುವೆಟ್ ಅವರು ಈ ಲೋಹವನ್ನು ಅಗ್ಗವಾಗಿ ತಯಾರಿಸುವ ಸವಾಲನ್ನು ವಿದ್ಯಾರ್ಥಿಗಳ ಮುಂದಿಟ್ಟಿದ್ದರು. ಅದನ್ನು ಮನಸ್ಸಿಗೆ ಹಚ್ಚಿಕೊಂಡ ಚಾರ್ಲ್ಸ್ ಮಾರ್ಟಿನ್ ಹಾಲ್, ಪದವಿ ಮುಗಿಸಿದ ಮರುವರ್ಷ, ಅಂದರೆ 1886ರ ಫೆಬ್ರುವರಿ 23ರಂದು, ತಮ್ಮ ಮನೆಯ ಸೌದೆ ಕೊಟ್ಟಿಗೆಯಲ್ಲೇ ಗೆದ್ದರು. ಆಗ ಅವರಿಗೆ 22 ವರ್ಷ. ಓಬರ್ಲಿನ್ನಿನಲ್ಲೇ ರಸಾಯನಶಾಸ್ತ್ರ ಓದಿದ್ದ ಅವರ ಅಕ್ಕ ಜೂಲಿಯಾ ಪ್ರಯೋಗಗಳಿಗೆ ನೆರವಾಗಿದ್ದರು.

ಕರಗಿಸಿದ ಕ್ರಯೊಲೈಟ್ ಎಂಬ ಖನಿಜದಲ್ಲಿ ಅಲ್ಯೂಮಿನಾ ಪುಡಿಯನ್ನು ಬೆರೆಸಿ ವಿದ್ಯುತ್ ಹಾಯಿಸಿದರೆ ಶುದ್ಧ ಲೋಹ ಬೇರ್ಪಡುತ್ತದೆ ಎಂಬುದು ಹಾಲ್ ಕಂಡುಕೊಂಡ ಸೂತ್ರ. ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಹೆರೂ ಸ್ವತಂತ್ರವಾಗಿ ಇದೇ ವಿಧಾನ ಕಂಡುಹಿಡಿದರು. ಇಂದಿಗೂ ಜಗತ್ತಿನ ಅಲ್ಯೂಮಿನಿಯಂ ತಯಾರಾಗುವುದು ಈ ‘ಹಾಲ್-ಹೆರೂ’ ವಿಧಾನದಲ್ಲೇ. ನಮ್ಮ ಬೆಳಗಾವಿಯ ಕಾರ್ಖಾನೆ ಬಾಕ್ಸೈಟ್ ಅದಿರಿನಿಂದ ಹೊರತೆಗೆಯುವುದು ಇದೇ ಅಲ್ಯೂಮಿನಾ ಪುಡಿಯನ್ನು. ಅವಿವಾಹಿತರಾಗಿದ್ದ ಹಾಲ್ 1914ರಲ್ಲಿ ತೀರಿಕೊಂಡಾಗ ತಮ್ಮ ಅಪಾರ ಆಸ್ತಿಯ ಮೂರನೇ ಒಂದು ಭಾಗವನ್ನು ಓಬರ್ಲಿನ್ ಕಾಲೇಜಿಗೆ ಬಿಟ್ಟುಹೋದರು. ಕಾಲೇಜಿನಲ್ಲಿರುವ ಹಾಲ್ ಅವರ ಪ್ರತಿಮೆಯೂ ಅಲ್ಯೂಮಿನಿಯಂನದೇ. ಹಗುರವಾಗಿದ್ದ ಅದನ್ನು ತುಂಟ ವಿದ್ಯಾರ್ಥಿಗಳು ಎತ್ತಿಕೊಂಡು ಹೋಗಿ ಎಲ್ಲೆಲ್ಲೋ ಇಡುತ್ತಿದ್ದುದರಿಂದ ಕೊನೆಗೆ ಗ್ರಾನೈಟ್ ಕಲ್ಲಿಗೆ ಅಂಟಿಸಬೇಕಾಯಿತಂತೆ.

ಊರಿನ ಹೃದಯ: ಟ್ಯಾಪನ್ ಚೌಕ

ಇಂದಿನ ಓಬರ್ಲಿನ್ನಿಗೆ ಕಾಲಿಡುವವರನ್ನು ಮೊದಲು ಸೆಳೆಯುವುದು ಊರ ನಡುವಿನ 13 ಎಕರೆಯ ಟ್ಯಾಪನ್ ಚೌಕ. ಹಿಂದೆ ಇಲ್ಲಿ ಕಾಲೇಜಿನ ಕಟ್ಟಡಗಳೇ ತುಂಬಿದ್ದವು. ಅವನ್ನೆಲ್ಲ ತೆರವುಗೊಳಿಸಿ ಹಸಿರು ಬಯಲಾಗಿ ಉಳಿಸಬೇಕೆಂಬುದು ಹಾಲ್ ಅವರ ಉಯಿಲಿನ ಷರತ್ತು. ಚೌಕದ ಒಂದು ಬದಿಗೆ ಕಾಲೇಜು, ಇನ್ನೊಂದು ಬದಿಗೆ ಅಂಗಡಿ ಸಾಲು ಮತ್ತು 1913ರಿಂದ ಇರುವ ಅಪೊಲೊ ಚಿತ್ರಮಂದಿರ. ಮರಗಳ ಮೇಲೆ ಅಪರೂಪದ ಬಿಳಿ ಅಳಿಲುಗಳು ಓಡಾಡುತ್ತವೆ. ಊರಿನವರಿಗೂ ವಿದ್ಯಾರ್ಥಿಗಳಿಗೂ ಅವು ಅಚ್ಚುಮೆಚ್ಚು. ಚೌಕದಲ್ಲಿರುವ ದೊಡ್ಡ ಬಂಡೆಗಳಿಗೆ ವಿದ್ಯಾರ್ಥಿಗಳು ಮನಸ್ಸು ಬಂದಾಗಲೆಲ್ಲ ಹೊಸ ಬಣ್ಣ ಬಳಿದು ಹುಟ್ಟುಹಬ್ಬದ ಶುಭಾಶಯದಿಂದ ಹಿಡಿದು ರಾಜಕೀಯ ಘೋಷಣೆಯವರೆಗೆ ಏನನ್ನಾದರೂ ಬರೆಯುತ್ತಾರೆ.

ಚೌಕದ ಪಶ್ಚಿಮಕ್ಕೆ 1903ರಲ್ಲಿ ಕಟ್ಟಿದ ಕಮಾನು ಇದೆ. 1900ರ ಬಾಕ್ಸರ್ ದಂಗೆಯಲ್ಲಿ ಚೀನಾದಲ್ಲಿ ಹತರಾದ ಓಬರ್ಲಿನ್ ಮೂಲದ ಕ್ರೈಸ್ತ ಮಿಷನರಿಗಳ ಸ್ಮಾರಕವಿದು. ಸಾಮ್ರಾಜ್ಯಶಾಹಿಯ ಗುರುತೆಂದು ಭಾವಿಸಿ, ಘಟಿಕೋತ್ಸವದ ಮೆರವಣಿಗೆಯಲ್ಲಿ ಕಮಾನಿನಡಿ ಹಾಯದೆ ಪಕ್ಕದಿಂದ ಸುತ್ತಿ ಹೋಗುವ ವಿದ್ಯಾರ್ಥಿಗಳೂ ಇದ್ದಾರೆ. ಒಂದೇ ಮೆರವಣಿಗೆ ಕಮಾನಿನ ಮುಂದೆ ಎರಡಾಗಿ ಒಡೆದು ಮತ್ತೆ ಒಂದಾಗುವ ಈ ದೃಶ್ಯದಲ್ಲಿ ಓಬರ್ಲಿನ್ನಿನ ಸ್ವಭಾವವೇ ಕಾಣುತ್ತದೆ.

1865ರಲ್ಲಿ ಆರಂಭವಾದ ಸಂಗೀತ ಶಾಲೆ ಊರಿನ ಇನ್ನೊಂದು ಹೆಗ್ಗಳಿಕೆ. ಅಮೆರಿಕದಲ್ಲಿ ನಿರಂತರವಾಗಿ ನಡೆದುಕೊಂಡು ಬಂದಿರುವ ಅತ್ಯಂತ ಹಳೆಯ ಉನ್ನತ ಸಂಗೀತ ಶಾಲೆ ಇದು. ವರ್ಷವಿಡೀ ನಡೆಯುವ ನೂರಾರು ಕಛೇರಿಗಳಲ್ಲಿ ಬಹುಪಾಲು ಉಚಿತ. ಇಷ್ಟು ಸಣ್ಣ ಊರಿನ ಜನರಿಗೆ ಮಹಾನಗರಗಳಲ್ಲೂ ದುಬಾರಿಯಾದ ಸಂಗೀತ ನಡೆದುಹೋಗುವಷ್ಟು ದೂರದಲ್ಲಿ ಸಿಗುತ್ತದೆ. ಶಾಲೆಯ ಕಟ್ಟಡವನ್ನು ರೂಪಿಸಿದವರು, ಮುಂದೆ ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದ ಅವಳಿ ಗೋಪುರಗಳನ್ನು ವಿನ್ಯಾಸಗೊಳಿಸಿದ ಮಿನೊರು ಯಮಾಸಾಕಿ.

1917ರಲ್ಲಿ ತೆರೆದ ಆ್ಯಲನ್ ಕಲಾ ಸಂಗ್ರಹಾಲಯದಲ್ಲಿ 1940ರಿಂದ ಬೆಳೆದುಬಂದ ಪದ್ಧತಿಯೊಂದು ಕುತೂಹಲಕರ. ಪಿಕಾಸೊ ಅವರಂಥ ಕಲಾವಿದರ ಮೂಲ ಕೃತಿಗಳನ್ನೇ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿಗೆ ಬಾಡಿಗೆ ಪಡೆದು ತಮ್ಮ ಕೋಣೆಯ ಗೋಡೆಗೆ ತೂಗುಹಾಕಿಕೊಳ್ಳಬಹುದು. ಆರಂಭದಲ್ಲಿ ಕೆಲವೇ ಸೆಂಟುಗಳಿದ್ದ ಬಾಡಿಗೆ ಅನಂತರ 5 ಡಾಲರಿಗೆ ಏರಿತು. ಒಳ್ಳೆಯ ಚಿತ್ರ ಸಿಗಲೆಂದು ಹಿಂದಿನ ರಾತ್ರಿಯೇ ಬಂದು ಸಾಲಿನಲ್ಲಿ ಮಲಗುವವರುಂಟು. ಈ ಪದ್ಧತಿ ಆರಂಭಿಸಿದ ಎಲೆನ್ ಜಾನ್ಸನ್, ಖ್ಯಾತ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ವಿನ್ಯಾಸದ ಮನೆಯೊಂದನ್ನು ಇಲ್ಲಿ ಕೊಂಡು, ಜೀರ್ಣೋದ್ಧಾರ ಮಾಡಿ, ಕಾಲೇಜಿಗೆ ಬಿಟ್ಟುಹೋಗಿದ್ದಾರೆ.

ಊರಿಗೂ ಮದ್ಯಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಜಾರಿಯಲ್ಲಿದ್ದ ಪಾನನಿಷೇಧಕ್ಕೆ ಮುಖ್ಯ ಒತ್ತಡ ತಂದ ‘ಆ್ಯಂಟಿ ಸಲೂನ್ ಲೀಗ್’ ಹುಟ್ಟಿದ್ದು 1893ರಲ್ಲಿ ಇಲ್ಲಿಯೇ.

ಬೇಕರಿ ಮತ್ತು ಕಾಲೇಜು

ಟ್ಯಾಪನ್ ಚೌಕದ ಎದುರಿಗೆ 1885ರಿಂದ ಇರುವ ಗಿಬ್ಸನ್ ಬೇಕರಿ ಊರಿನ ಹಳೆಯ ಗುರುತುಗಳಲ್ಲಿ ಒಂದು. 2016ರ ನವೆಂಬರ್ 9ರಂದು, ಅಧ್ಯಕ್ಷೀಯ ಚುನಾವಣೆಯ ಮರುದಿನ, ಕಪ್ಪು ವಿದ್ಯಾರ್ಥಿಯೊಬ್ಬ ಇಲ್ಲಿ ವೈನ್ ಕದ್ದನೆಂಬ ಆರೋಪದಿಂದ ಶುರುವಾದ ತಳ್ಳಾಟದಲ್ಲಿ ಮೂವರು ವಿದ್ಯಾರ್ಥಿಗಳ ಬಂಧನವಾಯಿತು. ಅಂಗಡಿಯವರು ಜನಾಂಗ ದ್ವೇಷಿಗಳೆಂದು ನೂರಾರು ವಿದ್ಯಾರ್ಥಿಗಳು ಪ್ರತಿಭಟಿಸಿದರು. ಕಾಲೇಜು ಬೇಕರಿಯಿಂದ ತಿನಿಸು ಖರೀದಿಸುವುದನ್ನು ಕೆಲಕಾಲ ನಿಲ್ಲಿಸಿತು. 2017ರಲ್ಲಿ ಮೂವರೂ ತಪ್ಪೊಪ್ಪಿಕೊಂಡು, ಅಂಗಡಿಯವರ ಕ್ರಮ ಜನಾಂಗ ದ್ವೇಷದ್ದಲ್ಲ ಎಂದು ನ್ಯಾಯಾಲಯದಲ್ಲಿ ಹೇಳಿದರು. ಅದೇ ವರ್ಷ ಬೇಕರಿಯ ಮಾಲೀಕರು ಕಾಲೇಜಿನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು.

ಪ್ರತಿಭಟನೆ ವಿದ್ಯಾರ್ಥಿಗಳದ್ದು, ಅದಕ್ಕೆ ತಾನು ಹೊಣೆಯಲ್ಲ ಎಂಬುದು ಕಾಲೇಜಿನ ವಾದ. ಕಾಲೇಜಿನ ಅಧಿಕಾರಿಗಳ ಬೆಂಬಲದಿಂದಲೇ ಕಳಂಕ ಹರಡಿತು ಎಂಬುದು ಬೇಕರಿಯವರ ವಾದ. 2019ರಲ್ಲಿ ಜ್ಯೂರಿ ಬೇಕರಿಯ ಪರ ತೀರ್ಪು ನೀಡಿ, ಒಟ್ಟು 4.4 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಕಾನೂನಿನ ಮಿತಿಗೆ ಒಳಪಟ್ಟು ಈ ಮೊತ್ತ ತಗ್ಗಿತು. ಮೇಲ್ಮನವಿಯಲ್ಲೂ ಕಾಲೇಜಿಗೆ ಸೋಲಾಗಿ, 2022ರಲ್ಲಿ ಓಹಾಯೊ ಸುಪ್ರೀಂ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಲು ನಿರಾಕರಿಸಿತು. ಬಡ್ಡಿ, ವಕೀಲರ ಶುಲ್ಕ ಸೇರಿ ಸುಮಾರು 3.66 ಕೋಟಿ ಡಾಲರನ್ನು ಕಾಲೇಜು ಅದೇ ವರ್ಷ ಪಾವತಿಸಿತು.

ಇಡೀ ದೇಶ ಈ ಪ್ರಕರಣವನ್ನು ತನ್ನ ತನ್ನ ರಾಜಕೀಯ ಕನ್ನಡಕದಿಂದ ನೋಡಿತು. ಆದರೆ ಓಬರ್ಲಿನ್ನಿನವರಿಗೆ ಅದು ಮನೆಯ ಜಗಳ. ಅನ್ಯಾಯದ ವಿರುದ್ಧ ದನಿ ಎತ್ತುವುದೇ ಈ ಊರಿನ ಪರಂಪರೆ ಎಂದು ನಂಬಿದವರು ಒಂದು ಕಡೆ; ನಾಲ್ಕು ವರ್ಷ ಇದ್ದು ಹೋಗುವ ವಿದ್ಯಾರ್ಥಿಗಳ ಆವೇಶಕ್ಕೆ ತಲೆಮಾರುಗಳಿಂದ ಇಲ್ಲೇ ಬದುಕಿದ ನೆರೆಯವರ ಹೆಸರು ಬಲಿಯಾಯಿತು ಎಂದು ನೊಂದವರು ಇನ್ನೊಂದು ಕಡೆ. ಕಾಲೇಜು ಪಟ್ಟಣಗಳ ಮೂಲಭೂತ ಇಕ್ಕಟ್ಟು ಇದೇ. ಕಾಲೇಜಿಲ್ಲದೆ ಊರಿಗೆ ಬದುಕಿಲ್ಲ, ಊರಿಲ್ಲದೆ ಕಾಲೇಜಿಗೆ ನೆಲೆಯಿಲ್ಲ. ಇಬ್ಬರೂ ಒಂದೇ ಚೌಕವನ್ನು ಹಂಚಿಕೊಂಡು ಬಾಳಬೇಕು.

ನೆಲದಿಂದ ಮೇಲೇಳುವ ಹಳಿ

ಓಬರ್ಲಿನ್ನಿನಲ್ಲಿ ನೋಡಲೇಬೇಕಾದ ಸ್ಮಾರಕಗಳು ದೊಡ್ಡವೇನಲ್ಲ. ಕೋಪ್‌ಲ್ಯಾಂಡ್ ಅವರ ಶವ ತರಲು ಹೋಗಿದ್ದ ಪ್ರಾಧ್ಯಾಪಕ ಮನ್ರೊ ಮುಂದೆ ವಾಸವಿದ್ದ ಮನೆ ಇಂದು ಊರಿನ ಪರಂಪರೆ ಕೇಂದ್ರಕ್ಕೆ ಸೇರಿದೆ. ಅದರ ಬಳಿಯಲ್ಲೇ 1836ರ ಪುಟ್ಟ ಕೆಂಪು ಶಾಲಾ ಕಟ್ಟಡವೂ, ಹಾಲ್ ಅವರ ಗುರು ಜುವೆಟ್ ಅವರ ಮನೆಯೂ ಇವೆ. ಹಾರ್ಪರ್ಸ್ ಫೆರಿಯಲ್ಲಿ ಮಡಿದವರ ಸ್ಮಾರಕ ಶಿಲೆ ಮಾರ್ಟಿನ್ ಲೂಥರ್ ಕಿಂಗ್ ಉದ್ಯಾನದಲ್ಲಿದೆ. ಕಿಂಗ್ ಅವರೇ 1965ರಲ್ಲಿ ಇಲ್ಲಿನ ಘಟಿಕೋತ್ಸವದಲ್ಲಿ ಭಾಷಣ ಮಾಡಿದ್ದರು. 1852ರಲ್ಲಿ ಊರಿಗೆ ಬಂದ ರೈಲು ಎಂದೋ ನಿಂತುಹೋಗಿ, ಹಳಿಯ ಹಾದಿ ಈಗ ಸೈಕಲ್ ಸವಾರರ ಪಾಲಾಗಿದೆ.

ಆದರೆ ಇನ್ನೊಂದು ಹಳಿ ಇಂದಿಗೂ ಉಳಿದಿದೆ. ವಿದ್ಯಾರ್ಥಿನಿಲಯವೊಂದರ ಮುಂದೆ, ಹುಲ್ಲಿನ ನೆಲದಿಂದ ಓರೆಯಾಗಿ ಮೇಲೆದ್ದು ಆಕಾಶದತ್ತ ಮುಖ ಮಾಡಿ ಅರ್ಧಕ್ಕೇ ನಿಲ್ಲುವ ರೈಲು ಹಳಿಗಳ ತುಂಡು ಅದು. ‘ಭೂಗತ ರೈಲಿನ’ ನೆನಪಿಗಾಗಿ 1977ರಲ್ಲಿ ವಿದ್ಯಾರ್ಥಿಯೊಬ್ಬ ರೂಪಿಸಿದ ಕಲಾಕೃತಿ. ಅದು ಎಲ್ಲಿಗೂ ತಲುಪುವುದಿಲ್ಲ. ತಲುಪಬೇಕಾದ ದಿಕ್ಕನ್ನು ಮಾತ್ರ ತೋರಿಸುತ್ತದೆ. ಒಂದು ಮತದ ಅಂತರದಲ್ಲಿ ದೊಡ್ಡ ಮಾತು ಕೊಟ್ಟು, ಕೆಲವೊಮ್ಮೆ ಅದನ್ನು ಉಳಿಸಿಕೊಂಡು, ಕೆಲವೊಮ್ಮೆ ಮರೆತು, ಮತ್ತೆ ಯಾರೋ ನೆನಪಿಸಿದಾಗ ತಲೆತಗ್ಗಿಸಿ ತಿದ್ದಿಕೊಂಡ ಊರಿಗೆ ಇದಕ್ಕಿಂತ ತಕ್ಕ ಸ್ಮಾರಕ ಇರಲಾರದು.

ಓಬರ್ಲಿನ್: ಪ್ರಮುಖ ಮೈಲಿಗಲ್ಲುಗಳು

1833: ಪಟ್ಟಣ ಹಾಗೂ ಕಾಲೇಜಿನ ಸ್ಥಾಪನೆ
1835: ವರ್ಣಭೇದವಿಲ್ಲದ ಪ್ರವೇಶಕ್ಕೆ ಒಂದು ಮತದಿಂದ ಒಪ್ಪಿಗೆ
1841: ಮೂವರು ಮಹಿಳೆಯರಿಗೆ ಬಿ.ಎ. ಪದವಿ
1858: ವೆಲಿಂಗ್ಟನ್ನಿನಲ್ಲಿ ಜಾನ್ ಪ್ರೈಸ್ ಬಿಡುಗಡೆ
1862: ಮೇರಿ ಜೇನ್ ಪ್ಯಾಟರ್ಸನ್ ಅವರಿಗೆ ಬಿ.ಎ. ಪದವಿ
1865: ಸಂಗೀತ ಶಾಲೆಯ ಆರಂಭ
1886: ಚಾರ್ಲ್ಸ್ ಮಾರ್ಟಿನ್ ಹಾಲ್ ಅವರಿಂದ ಅಲ್ಯೂಮಿನಿಯಂ ತಯಾರಿಕಾ ವಿಧಾನದ ಶೋಧ
1893: ಆ್ಯಂಟಿ ಸಲೂನ್ ಲೀಗ್ ಸ್ಥಾಪನೆ
1965: ಘಟಿಕೋತ್ಸವದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣ
2022: ಬೇಕರಿ ಮೊಕದ್ದಮೆ ಅಂತ್ಯ, ಎಡ್ಮೋನಿಯಾ ಲೂಯಿಸ್ ಅವರಿಗೆ ಮರಣೋತ್ತರ ಪದವಿಪತ್ರ